ಲೆಕ್ಕದಲ್ಲಿ ಹಾಜರಿದ್ದ ಅತ್ತೆಯ ವಿಷಯವಾಗಿ

ಫೆಬ್ರವರಿ ಹದಿನಾರು, ಸೋಮವಾರ. ದಕ್ಷಿಣದ ಆ ಹಳೆಯ ನಗರಕ್ಕೆ ತಮ್ಮ ಸಂಸ್ಥೆ ಏರ್ಪಡಿಸಿದ್ದ ಸಾಮೂಹಿಕ ಪ್ರವಾಸದಿಂದ ನಾನೂ ನನ್ನ ಸೋದರತ್ತೆಯೂ ಕಳೆದ ವಾರ ಮನೆಗೆ ಮರಳಿದೆವು. ಬಟ್ಟೆಗಳನ್ನು ಒಗೆದು ಮಡಿಸಿಟ್ಟಾಗಿದೆ. ಅತ್ತೆ ನನ್ನೊಡನೆ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದಾರೆ.

ಪ್ರವಾಸ ವ್ಯವಸ್ಥಾಪಕರಾದ ಮಾನ್ಯರೇ,

ತಮಗೂ ತಮ್ಮ ಕೊರಳಿನ ಶಿಳ್ಳೆಗೂ ಮೊದಲಾಗಿ ನನ್ನ ನಮಸ್ಕಾರಗಳು. ಒಂದು ನಗರ ನೂರಾರು ವರ್ಷ ಕೂತು ಕಟ್ಟಿಕೊಂಡದ್ದನ್ನು ಊಟದ ಹೊತ್ತಿನೊಳಗೆ ಮುಗಿಸಿಕೊಡುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಕೋಟೆಯನ್ನು ನಾವು ಬಸ್ಸಿನೊಳಗಿಂದಲೇ ನೋಡಿದೆವು. ಅದು ಎಡಗಡೆ ಇದ್ದುದರಿಂದ, ಬಲಗಡೆ ಕೂತವರಿಗೆ ಬರುವಾಗ ಕಾಣಿಸುತ್ತದೆಂದು ತಾವು ಭರವಸೆ ಕೊಟ್ಟಿರಿ, ಬರುವಾಗ ಬೇರೆ ರಸ್ತೆ ಹಿಡಿದಿರಿ. ಚರ್ಮದ ಚೀಲಗಳ ಅಂಗಡಿಯೊಂದರಲ್ಲಿ ಮಾತ್ರ ತಮ್ಮ ಶಿಳ್ಳೆ ಸುಮ್ಮನಿತ್ತು. ನಾವು ಪ್ರತಿಯೊಂದು ಚೀಲದ ಜಿಪ್ಪನ್ನೂ ಎಳೆದು ನೋಡುವಷ್ಟು ಹೊತ್ತು ತಾವು ಒಳಕೋಣೆಯಲ್ಲಿ ಮಾಲೀಕರೊಡನೆ ತಾಳ್ಮೆಯಿಂದ ಚಹಾ ಕುಡಿಯುತ್ತಿದ್ದಿರಿ. ಇದನ್ನು ನಾನು ದೂರೆಂದು ಬರೆಯುತ್ತಿಲ್ಲ. ನನ್ನ ದೂರು ಬೇರೆಯದು, ಅದಕ್ಕೆ ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು.

ಅತ್ತೆ ಹೊಲಿಗೆ ಶಾಲೆಯಲ್ಲಿ ಬಟ್ಟೆ ಕತ್ತರಿಸುವುದನ್ನು ಕಲಿಸುತ್ತಿದ್ದವರು. ಅವರ ಪಠ್ಯಪುಸ್ತಕದಲ್ಲಿ ಒಂದು ಹಳೆಯ ನಿಲುವಂಗಿಯ ಚಿತ್ರವಿತ್ತು, ಆ ನಗರದ ಅರಮನೆಯಲ್ಲಿ, ದರ್ಜಿಯ ಕೋಣೆಯಲ್ಲಿ ಇರುವಂಥದ್ದು. ತೋಳನ್ನು ತಲೆಯ ಮೇಲೆ ಎತ್ತಿದರೂ ಅಂಗಿಯ ಅಂಚು ಒಂದೆಳೆಯೂ ಮೇಲೇಳುವುದಿಲ್ಲವೆಂದು ಚಿತ್ರದ ಕೆಳಗೆ ಬರೆದಿದ್ದರು, ಹೇಗೆಂದು ಬರೆದಿರಲಿಲ್ಲ. ಕಂಕುಳಲ್ಲಿ ಒಂದು ಚಿಕ್ಕ ಚೌಕದ ತುಂಡನ್ನು ಸೇರಿಸಿದ್ದಾರೆಂದು ಅತ್ತೆ ಕಲಿಸಿದರು. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ಅವರ ಗೆಳತಿ, ತುಂಡೂ ಇಲ್ಲ ಗಿಂಡೂ ಇಲ್ಲ, ತೋಳೂ ಮೈಯೂ ಒಂದೇ ಬಟ್ಟೆಯಲ್ಲಿ ಕತ್ತರಿಸಿದ್ದೆಂದು ಕಲಿಸಿದರು. ಊರಿನ ದರ್ಜಿಗಳಲ್ಲಿ ಈಗಲೂ ಎರಡು ಪಂಗಡಗಳಿವೆ. ಇಬ್ಬರೂ ನಿವೃತ್ತರಾದ ಮೇಲೂ ಗೆಳತಿ ಫೋನ್ ಮಾಡಿದಾಗಲೆಲ್ಲ, ಕುಶಲ ವಿಚಾರಿಸುವ ಮೊದಲೇ, "ಹೋಗಿ ನೋಡ್ಕೊಂಡು ಬಾರೇ, ಆಮೇಲೆ ಮಾತಾಡು" ಎನ್ನುತ್ತಾರೆ. ತಮ್ಮ ಪ್ರವಾಸದ ಪಟ್ಟಿಯಲ್ಲಿ 'ಅರಮನೆ (ದರ್ಜಿಯ ಕೋಣೆ ಸಹಿತ)' ಎಂದು ಓದಿದ ದಿನ ಅತ್ತೆ ಕನ್ನಡಕಕ್ಕೆ ಹೊಸ ಗಾಜು ಹಾಕಿಸಿಕೊಂಡರು. ಅವರಿಗೆ ಕೋಟೆ ಬೇಕಿರಲಿಲ್ಲ, ಚೀಲ ಬೇಕಿರಲಿಲ್ಲ. ಒಂದು ಕಂಕುಳು ನೋಡಬೇಕಿತ್ತು.

ನಾವು ಹೋದಾಗ ಆ ಕೋಣೆಗೆ ಬೀಗ ಬಿದ್ದಿತ್ತು, ಕಾವಲುಗಾರ ಊಟಕ್ಕೆ ಹೋಗಿದ್ದ. ತಾವು ಎದೆಗುಂದಲಿಲ್ಲ. "ಬಾಗಿಲು ನೋಡಿದ್ರಲ್ಲ, ಒಳಗೂ ಹೀಗೇ ಹಳೇದು, ನಡೀರಿ ನಡೀರಿ" ಎಂದು ಶಿಳ್ಳೆ ಊದಿದಿರಿ. ಎಲ್ಲರೂ ನಡೆದೆವು. ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರೆಂಬುದು ನನಗೆ ಆಗ ಗೊತ್ತಾಗಲಿಲ್ಲ. ಕಿಟಕಿಗಾಗಿ ಅವರು ಹಿಂದಿನ ಸಾಲಿನ ಹೆಂಗಸರ ಜೊತೆ ಕೂರುತ್ತಿದ್ದರು, ನಾನು ಮುಂದಿನ ಸಾಲಿನಲ್ಲಿ ಪುಸ್ತಕ ಬಿಡಿಸಿಕೊಂಡಿದ್ದೆ. ತಾವು ಬಸ್ಸಿನ ನಡುದಾರಿಯಲ್ಲಿ ಬೆರಳಾಡಿಸುತ್ತಾ ತಲೆ ಎಣಿಸಿದಿರಿ, ಲೆಕ್ಕ ಸರಿಹೋಯಿತು, ಬಸ್ಸು ಹೊರಟಿತು.

ಬಹಳ ದೂರ ಬಂದ ಮೇಲೆ ನೀರಿನ ಬಾಟಲಿ ಕೊಡಲು ಹಿಂದೆ ಹೋದೆ. ಅತ್ತೆಯ ಜಾಗದಲ್ಲಿ ಟೋಪಿಯಿಂದ ಮುಖ ಮುಚ್ಚಿಕೊಂಡ ಗಂಡಸೊಬ್ಬರು ನಿದ್ದೆ ಹೋಗಿದ್ದರು. ಅತ್ತೆ ಕಾಣಿಸುತ್ತಿಲ್ಲವೆಂದು ತಮಗೆ ತಿಳಿಸಿದೆ. ತಾವು ಸಿಟ್ಟಾಗದೆ ಇನ್ನೊಮ್ಮೆ ಎಣಿಸಿದಿರಿ.

"ಲೆಕ್ಕ ಸರಿ ಇದೆ ಮೇಡಂ, ನಿಮ್ಮ ಅತ್ತೆ ಇದ್ದಾರೆ."

"ಎಲ್ಲಿದ್ದಾರೆ?"

"ಲೆಕ್ಕದಲ್ಲಿ."

ಈ ಉತ್ತರವನ್ನು ನಾನು ಅಂದಿನಿಂದ ಹಲವು ಸಲ ಯೋಚಿಸಿದ್ದೇನೆ, ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಎಬ್ಬಿಸಿದಾಗ ಅವರು, ತಾನು ಹಲ್ಲಿನ ಡಾಕ್ಟರೆಂದೂ, ಪಕ್ಕದಲ್ಲಿ ನಿಂತಿದ್ದ ಇಂಥದೇ ನೀಲಿ ಬಸ್ಸಿನವರೆಂದೂ ಹೇಳಿದರು. ತಮ್ಮ ಶಿಳ್ಳೆ ಕೇಳಿ ಹತ್ತಿದ್ದರಂತೆ. "ಪರವಾಗಿಲ್ಲ ಬಿಡಿ, ಇಲ್ಲಿ ಸೀಟು ಮೆತ್ತಗಿದೆ" ಎಂದು ಅವರು ಮತ್ತೆ ಟೋಪಿ ಮುಚ್ಚಿಕೊಂಡರು. ಸಂಜೆ ಹೋಟೆಲಿನಲ್ಲಿ ಅದಲುಬದಲು ಮಾಡಿಕೊಂಡರಾಯಿತೆಂದು ತಾವು ಸೂಚಿಸಿದಿರಿ. ನಾನು ಒಪ್ಪಲಿಲ್ಲ. ಸಾಮಾನ್ಯವಾಗಿ ನಾನು ದನಿ ಏರಿಸುವವಳಲ್ಲ, ಅಂದು ಏರಿಸಿದೆ. ಬಸ್ಸು ತಿರುಗಿತು.

ಮಾನ್ಯರೇ, ನನ್ನ ದೂರು ಇಲ್ಲಿಂದ ಆರಂಭವಾಗುತ್ತದೆ. ಇಡೀ ಪ್ರವಾಸದಲ್ಲಿ ಪ್ರಯಾಣಿಕರೊಬ್ಬರ ಮಾತನ್ನು ತಾವು ಕೇಳಿದ್ದು ಅದೊಂದೇ ಸಲ, ಅದೇ ಕೇಳಬಾರದಿದ್ದ ಸಲ. ನಾವು ಒಳಗೆ ಓಡಿದಾಗ ಅತ್ತೆ ಬೆಂಚಿನಿಂದ ಎದ್ದು ಬಾಗಿಲ ಬಳಿ ನಿಂತಿದ್ದರು. ಊಟ ಮುಗಿಸಿ ಬಂದ ಕಾವಲುಗಾರ ಬೀಗ ತೆಗೆಯಲು ಕೀಲಿ ತೂರಿಸಿದ್ದ. "ಸ್ವಲ್ಪ ತಡೀರಿ ಅಮ್ಮ, ದೀಪ ಹಾಕ್ತೀನಿ" ಎನ್ನುತ್ತಿದ್ದ. ಅಷ್ಟರಲ್ಲಿ ತಮ್ಮ ಶಿಳ್ಳೆ.

"ಅಮ್ಮಾ, ನಿಮ್ಮೊಬ್ಬರಿಗೋಸ್ಕರ ಬಸ್ಸಿಗೆ ಬಸ್ಸೇ ಕಾಯ್ತಾ ಇದೆ!"

ಅತ್ತೆ ಆಯುಷ್ಯದಲ್ಲಿ ಯಾರನ್ನೂ ಕಾಯಿಸಿದವರಲ್ಲ. ಆ ಮಾತು ಅವರ ಮೇಲೆ ಕೆಲಸ ಮಾಡುತ್ತದೆಂದು ತಮಗೆ ಹೇಗೆ ತಿಳಿಯಿತೋ ಕಾಣೆ. ಅವರು ಸೆರಗು ಸರಿಮಾಡಿಕೊಂಡು ತಿರುಗಿದರು. ಮೊಣಕೈ ಹಿಡಿದು ಕರೆತಂದವಳು ನಾನೇ. ನಮ್ಮ ಬೆನ್ನ ಹಿಂದೆ ಬಾಗಿಲು ತೆರೆದ ಸದ್ದಾಯಿತು. ಬಸ್ಸಿನಲ್ಲಿ ಎಲ್ಲರೂ, "ಅಬ್ಬಾ, ಸಿಕ್ಕಿದ್ರಲ್ಲ!" ಎಂದು ತಮಗೆ ಚಪ್ಪಾಳೆ ತಟ್ಟಿದರು. ಡಾಕ್ಟರನ್ನು ನೀಲಿ ಬಸ್ಸಿಗೆ ಒಪ್ಪಿಸಲು ಹೋದಾಗ ಅಲ್ಲಿನ ವ್ಯವಸ್ಥಾಪಕರು ಆ ಬಸ್ಸಿನಲ್ಲೂ ಲೆಕ್ಕ ಸರಿಯಾಗಿದೆಯೆಂದರು. ಡಾಕ್ಟರ ಜಾಗದಲ್ಲಿ ಯಾರು ಕೂತಿದ್ದರೆಂದು ನಾನು ವಿಚಾರಿಸಲಿಲ್ಲ.

ಬಸ್ಸು ಊರು ದಾಟುವವರೆಗೂ ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ಕೇಳಿದರು: "ಲೆಕ್ಕದಲ್ಲಿ ಇದ್ನಲ್ಲೇ. ಹಾಗೇ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ತಮ್ಮ ಎಣಿಕೆಯ ಪ್ರಕಾರ ಅತ್ತೆ ಬಸ್ಸಿನಲ್ಲೇ ಇದ್ದರು, ತಮ್ಮ ಎಣಿಕೆ ತಪ್ಪುವುದಿಲ್ಲ. ಹಾಗಿರುವಾಗ ಬಾಗಿಲ ಬಳಿ ನಿಂತಿದ್ದ ಹೆಂಗಸು ತಮ್ಮ ಪ್ರಯಾಣಿಕಳಲ್ಲ, ಅವರನ್ನು ಅಲ್ಲಿಂದ ಕರೆತರುವ ಹಕ್ಕು ತಮಗಿರಲಿಲ್ಲ. ದಯಮಾಡಿ ಅವರನ್ನು ಅದೇ ಬಾಗಿಲಿಗೆ, ಅದೇ ಕೀಲಿ ತಿರುಗುವ ಗಳಿಗೆಗೆ ವಾಪಸು ಮಾಡಬೇಕು. ಇದು ತಮ್ಮ ನಿಯಮಗಳಿಗೆ ಹೊಂದದಿದ್ದರೆ, ಅರಮನೆಗಳ ಕಾವಲುಗಾರರೆಲ್ಲರೂ ಹಸಿವನ್ನು ತಮ್ಮ ಬಸ್ಸು ಹೋದ ಮೇಲೆ ಇಟ್ಟುಕೊಳ್ಳುವಂತೆ ಏರ್ಪಾಡು ಮಾಡಬೇಕು. ಅದೂ ಆಗದಿದ್ದರೆ, ಅತ್ತೆಯ ಗೆಳತಿಗೆ ತಾವೇ ಒಮ್ಮೆ ಫೋನ್ ಮಾಡಿ, ಬಾಗಿಲು ಹೇಗಿತ್ತೋ ಕಂಕುಳೂ ಹಾಗೇ ಇದೆಯೆಂದು ತಿಳಿಸಬೇಕು. ಆ ಸಂಭಾಷಣೆಯನ್ನು ಪಕ್ಕದಲ್ಲಿ ಕೂತು ಕೇಳಲು ನನಗೆ ಅವಕಾಶ ಕೊಟ್ಟರೆ ಟಿಕೆಟ್ಟಿನ ಹಣದ ಮಾತನ್ನೇ ಎತ್ತುವುದಿಲ್ಲ.

ನಿನ್ನೆ ಆ ಗೆಳತಿಯ ಫೋನ್ ಬಂತು. ಅತ್ತೆ, ನೋಡಲಿಲ್ಲವೆಂದು ಹೇಳಿದರು. ಆ ಕಡೆಯಿಂದ ನಗು ಬರುತ್ತದೆಂದು ನಾನು ಕಾದೆ, ಬರಲಿಲ್ಲ. "ಅಯ್ಯೋ, ನಾನೂ ಕಾಯ್ತಿದ್ನಲ್ಲೇ" ಎಂದದ್ದು ನನಗೂ ಕೇಳಿಸಿತು.

ಇವತ್ತು ಬೆಳಿಗ್ಗೆ ಅತ್ತೆ ತೀರ್ಮಾನ ಹೇಳಿದರು. ಅವರು ರೈಲಿನಲ್ಲಿ ಇನ್ನೊಮ್ಮೆ ಹೋಗುತ್ತಾರೆ, ಆ ಕೋಣೆಗೆ ಮಾತ್ರ, ಒಬ್ಬರೇ. ನಾನೂ ಬರುತ್ತೇನೆಂದೆ. "ನೀ ಬೇಡಮ್ಮ. ನೀ ಬಂದ್ರೆ ಮತ್ತೆ ಹುಡುಕ್ತೀಯ" ಎಂದರು. ಅವರ ಚೀಲ ಮಂಚದ ಮೇಲಿದೆ, ಒಳಗೆ ಇನ್ನೂ ಏನೂ ಇಟ್ಟಿಲ್ಲ. ಟಿಕೆಟ್ಟು ತೆಗೆಸಿಲ್ಲ.

ತಾವು ಎಣಿಸಿದಾಗಲೆಲ್ಲ ತಪ್ಪದೆ ಸಿಕ್ಕ ತಲೆಯಾಗಿ,
ತಮ್ಮ ವಿಶ್ವಾಸಿ,
ಮುಂದಿನ ಸಾಲಿನ ಪ್ರಯಾಣಿಕಳು

ತಾ.ಕ.: ಮುಂದೆಂದಾದರೂ ದರ್ಜಿಯ ಕೋಣೆಯ ಮುಂದೆ, ಹೊಸ ಗಾಜಿನ ಕನ್ನಡಕ ಹಾಕಿಕೊಂಡ ವಯಸ್ಸಾದ ಹೆಂಗಸೊಬ್ಬರು ಒಂಟಿಯಾಗಿ ಕೂತಿದ್ದು, ಅದೇ ಹೊತ್ತಿಗೆ ತಮ್ಮ ಬಸ್ಸಿನಲ್ಲಿ ಒಂದು ತಲೆ ಕಡಿಮೆ ಬಿದ್ದರೆ, ದಯವಿಟ್ಟು ಅವರನ್ನು ಎಣಿಸಬೇಡಿ.