ರಕ್ಕಸನಿಗೆ ಯಥಾಸ್ಥಿತಿ

“ಯಾರೂ ಮುಟ್ಟಬ್ಯಾಡ್ರಿ. ನಾ ಬಂದ ಮ್ಯಾಲ ನಾನ ಹೊಡಿತೇನಿ.”

ಚನ್ನಬಸವ್ವ ತನ್ನ ಗಂಡ ಗುರುಶಿದ್ದಪ್ಪನಿಗೆ ಹೇಳಿದ ಕೊನೆಯ ಮಾತು ಇದು. ಹೊಡೆಯಬೇಕಾಗಿದ್ದು ರಕ್ಕಸನನ್ನು. ರಕ್ಕಸ ಇದ್ದದ್ದು ಟಿವಿಯಲ್ಲಿ. ಟಿವಿ ಇದ್ದದ್ದು ದುರ್ಗದಬೈಲಿನ ಅವರದೇ ವಿಡಿಯೋ ಗೇಮ್ ಅಂಗಡಿಯಲ್ಲಿ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಆಡಿ ಆಡಿ ಕಲಿತವಳು ಆಕೆ. ಅವತ್ತು ಒಂದು ಕೈಯಲ್ಲಿ ಎದೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆಟವನ್ನು ಪಾಜ್ ಮಾಡಿ, ರಿಮೋಟನ್ನು ಗಂಡನಿಗೆ ಕೊಟ್ಟು ಆಟೋ ಹತ್ತಿದಳು. ದವಾಖಾನೆ ಮುಟ್ಟಿದ ಮೇಲೆ ಮಾತಾಡಲಿಲ್ಲ. ಅದು ದೀಪಾವಳಿಯ ವಾರ.

ಗುರುಶಿದ್ದಪ್ಪ ಹೆಚ್ಚು ಸಾಲಿ ಕಲಿತವನಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವ. ಕರೆಂಟು ಹೋದರೆ ಆಟ ಅಳಿಸಿಹೋಗುತ್ತದೆ ಎಂದು ಯಾರೋ ಅಂದರು. ಲಾರಿಯ ಬ್ಯಾಟರಿ ತಂದು ಇನ್ವರ್ಟರಿಗೆ ಜೋಡಿಸಿದ. ರಕ್ಕಸ ಬಾಯಿ ತೆರೆದುಕೊಂಡೇ ನಿಂತ. ಎದುರಿಗೆ ಚನ್ನಬಸವ್ವನ ಬೇಟೆಗಾತಿ ಕತ್ತಿ ಎತ್ತಿಕೊಂಡೇ ನಿಂತಳು. ಸಂಕ್ರಾಂತಿ ಹೋಯಿತು. ಯುಗಾದಿಯೂ ಹೋಯಿತು.

ಅಷ್ಟರಲ್ಲಿ ಆಕೆ ಆಡುತ್ತಿದ್ದ ಇದೇ ‘ರಕ್ಕಸಬೇಟೆ’ ಆಟದ ಮೂರನೆಯ ಭಾಗ ಬಂದು ಅವಳಿ ನಗರದಲ್ಲಿ ಹಾಹಾಕಾರವಾಯಿತು. ಆಟ ಸುಲಭವಾಗಿತ್ತು. ಮೊದಲ ಭಾಗದ ರಕ್ಕಸನನ್ನು ಕೊಲ್ಲಬೇಕಾದರೆ ಕಾಲೇಜು ಹುಡುಗರು ಒಂದು ಪರೀಕ್ಷೆಯಲ್ಲಾದರೂ ಫೇಲಾಗಬೇಕಿತ್ತು. ಈ ಹೊಸ ರಕ್ಕಸ ಒಂದು ಪ್ಲೇಟ್ ಗಿರ್ಮಿಟ್ ಮುಗಿಯುವುದರೊಳಗೆ ಸಾಯುತ್ತಿದ್ದ. ಸತ್ತ ಮೇಲೆ ಹುಡುಗರು ಎದ್ದು ಮನೆಗೆ ಹೋಗುತ್ತಿದ್ದರು. ಕೆಲವರು ಓದಲಿಕ್ಕೂ ಶುರುಮಾಡಿದರು. ಪರಿಸ್ಥಿತಿ ಕೈಮೀರುವ ಮುನ್ನ ಅವಳಿ ನಗರ ವಿಡಿಯೋ ಗೇಮ್ ಅಂಗಡಿಕಾರರ ಸಂಘವು ಉಣಕಲ್ಲಿನಲ್ಲಿ ತುರ್ತು ಸಭೆ ಸೇರಿತು.

ಅಧ್ಯಕ್ಷ ಮುರುಗೆಪ್ಪ ಅರಳೆ ವ್ಯಾಪಾರದಿಂದ ಈ ವ್ಯಾಪಾರಕ್ಕೆ ಬಂದವರು. ಆಟ ಒಂದನ್ನೂ ಆಡಿರಲಿಲ್ಲ. ಆದ್ದರಿಂದ ಅವರ ಅಭಿಪ್ರಾಯ ನಿಷ್ಪಕ್ಷಪಾತವಾಗಿತ್ತು.

“ಮೊದಲಿನ ಭಾಗದಾಗ ಬೇಟೆಗಾರ ಗಾಯಕ್ಕ ಔಷಧ ನಿಂತ ಕುಡಿಬೇಕಿತ್ತು. ಕುಡ್ಯಾಕತ್ತಾಗ ರಕ್ಕಸ ಬಂದು ಒದಿತಿದ್ದ. ಅದು ಆಟ. ಈಗ ಓಡಿಕೋತ ಕುಡಿತಾರ! ಇದು ಬ್ಯಾಟಿ ಏನು, ಬಸ್‌ಸ್ಟ್ಯಾಂಡಿನ್ಯಾಗ ಚಾ ಕುಡಿಯೂದೇನು?”

“ಆಟ ಹಗುರ ಆಗಿಲ್ರಿ ಅಧ್ಯಕ್ಷರ,” ಎಂದ ಕಾರ್ಯದರ್ಶಿ ಪಂಢರಿನಾಥ. “ಹುಡುಗ್ರು ಶಾಣ್ಯಾ ಆಗ್ಯಾರ.”

“ಶಾಣ್ಯಾ ಆಗಿದ್ರ ನಿಮ್ಮ ಅಂಗಡಿಗೆ ಯಾಕ ಬರ್ತಿದ್ರು?”

ಈ ಮಾತು ನಡಾವಳಿಯಲ್ಲಿ ದಾಖಲಾಯಿತು. ಸತ್ಯಾಂಶ ತಿಳಿಯಲು ವಿಚಾರಣಾ ಸಮಿತಿ ನೇಮಕವಾಯಿತು. ಸಮಿತಿಯಲ್ಲಿ ಈ ಇಬ್ಬರೇ ಇದ್ದರು.

ಸಮಿತಿ ಅಂಗಡಿ ಅಂಗಡಿ ಸುತ್ತಿತು. ಎಲ್ಲ ಕಡೆ ರಕ್ಕಸರು ಸಮಿತಿಯ ಕಣ್ಣೆದುರೇ ಸತ್ತರು. ತಪ್ಪು ಗಿರ್ಮಿಟ್ ತಿನ್ನುವ ವೇಗದ್ದಿರಬಹುದೆಂದು ಪಂಢರಿನಾಥ ತಾನೇ ಲಗೂ ಲಗೂ ತಿಂದು ನೋಡಿದ. ಆದರೂ ರಕ್ಕಸನೇ ಮೊದಲು ಸತ್ತ. ಕೊನೆಗೆ ನೀರು ಕುಡಿಯುತ್ತ ಅವರು ಗುರುಶಿದ್ದಪ್ಪನ ಅಂಗಡಿಗೆ ಬಂದರು. ಮೂಲೆಯ ಟಿವಿ ನೋಡಿ ಮುರುಗೆಪ್ಪ ನಿಂತರು.

“ಈ ರಕ್ಕಸ ಯಾವ ಭಾಗದ್ದು?”

“ಮೊದಲಿಂದು.”

“ಯಾವಾಗಿಂದ ನಿಂತೈತಿ?”

“ದೀಪಾವಳಿಯಿಂದ.”

“ಇನ್ನೂ ಸತ್ತಿಲ್ಲ?”

“ಇಲ್ರಿ.”

ಸಮಿತಿ ಕುಳಿತುಕೊಂಡಿತು.

“ನೋಡಿದ್ರೇನು ಪಂಢರಿನಾಥ? ಇದಕ್ಕ ಅಂತಾರ ಕಠಿಣ ಆಟ.”

“ಪಾಜ್ ಆಗೇತ್ರಿ ಅದು.”

“ಆಗ್ಲಿ. ಸತ್ತೈತೇನು?”

“ಸತ್ತಿಲ್ರಿ.”

“ಮತ್ತ?”

ಪಂಢರಿನಾಥ ನಡಾವಳಿ ಪುಸ್ತಕ ತೆರೆದು ಒಂದು ನಿಯಮ ಹೇಳಿದ. ಅದು ಅವನಿಗೆ ಆಗಲೇ ಹೊಳೆದ ನಿಯಮ. ಈ ರಕ್ಕಸನನ್ನು ಪ್ರಮಾಣಿತ ರಕ್ಕಸ ಎಂದು ಬರೆಯಬೇಕಾದರೆ ಅಧ್ಯಕ್ಷರು ಖುದ್ದಾಗಿ ಒಂದು ಏಟು ಹೊಡೆದು ಪರೀಕ್ಷಿಸಬೇಕು.

ಟಿವಿಯಲ್ಲಿ ರಕ್ಕಸನ ಜೀವ ತೋರಿಸುವ ಪಟ್ಟಿ ಕೂದಲೆಳೆಯಷ್ಟೇ ಉಳಿದಿತ್ತು, ಒಂದೇ ಏಟಿಗೆ ಸಾಯುವಷ್ಟು. ಮುರುಗೆಪ್ಪ ರಿಮೋಟ್ ಎತ್ತಿಕೊಂಡರು. ಗುರುಶಿದ್ದಪ್ಪ ಟಿವಿಗೆ ಅಡ್ಡ ಬಂದು ನಿಂತ.

“ಮುಟ್ಟಬ್ಯಾಡ್ರಿ.”

“ಯಾಕ?”

“ಬಂದು ಹೊಡಿತೇನಿ ಅಂದಾಳ.”

“ಯಾರು?”

ಗುರುಶಿದ್ದಪ್ಪ ನೆಲ ನೋಡಿದ. ಅವರ ಮನೆಯಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹಿಡಿಯುತ್ತಿರಲಿಲ್ಲ. ಮದುವೆಯ ದಿನ ಹೆಂಗಸರು ಹೊಸ್ತಿಲಲ್ಲಿ ಅಡ್ಡಗಟ್ಟಿ ಹೇಳಿಸಿದ್ದೇ ಕೊನೆ. ಆಮೇಲೆ ‘ಏ, ಇಲ್ಲಿ ನೋಡ’ ಅಂದರೆ ಆಕೆ ನೋಡುತ್ತಿದ್ದಳು. ಸಂಸಾರ ಅಷ್ಟರಲ್ಲೇ ನಡೆದಿತ್ತು.

“ನಮ್ಮಾಕಿ,” ಎಂದ.

“ಎಲ್ಲಿದ್ದಾರ?”

“ಹ್ವಾದ್ಳು.”

“ಎಲ್ಲಿಗೆ?”

ಎದುರಿನ ಬಳೆ ಅಂಗಡಿಯಿಂದ ಗುಲ್ಜಾರಬಿ ಕೂಗಿದಳು: “ಏನ್ ಕೇಳಾಕತ್ತೀರಿ ಅಧ್ಯಕ್ಷರ? ಮಣ್ಣಿಗೆ ನೀವೂ ಬಂದಿದ್ರಲ್ಲ, ಹಾರ ಹಿಡಕೊಂಡು!”

ಮುರುಗೆಪ್ಪ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟರು. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

“ಬರ್ಕೋರಿ ಪಂಢರಿನಾಥ. ಸಂಬಂಧಪಟ್ಟ ಬೇಟೆಗಾರರು ಗೈರುಹಾಜರು.”

“ತೀರಿಕೊಂಡಾರ ಅಂತ ಬರೀಲೇನ್ರಿ?”

“ನಮ್ಮ ನಿಯಮದಾಗ ಗೈರುಹಾಜರಿ ಅಷ್ಟ ಐತಿ. ಸಾವು ಇಲ್ಲ.”

ಸಂಜೆಗೆ ಎಲ್ಲ ಅಂಗಡಿಗಳಲ್ಲಿ ಪ್ರಕಟಣೆ ಅಂಟಿಸಲಾಯಿತು.

“ರಕ್ಕಸಬೇಟೆ ಭಾಗ ಮೂರು ಅತಿ ಸುಲಭವೆಂದು ಸಾಬೀತಾಗಿರುವುದರಿಂದ, ಇನ್ನು ಮುಂದೆ ರಕ್ಕಸನ ಜೀವ ಕೂದಲೆಳೆಯಷ್ಟು ಉಳಿದಾಗ ಆಟವನ್ನು ಕಡ್ಡಾಯವಾಗಿ ಪಾಜ್ ಮಾಡತಕ್ಕದ್ದು. ಆಟಗಾರರು ರಕ್ಕಸನ ಎದುರು ಶಿಸ್ತಿನಿಂದ ಕುಳಿತಿರತಕ್ಕದ್ದು. ದುರ್ಗದಬೈಲಿನ ಶ್ರೀ ಗುರುಶಿದ್ದಪ್ಪನವರ ರಕ್ಕಸನನ್ನು ಅವಳಿ ನಗರದ ಪ್ರಮಾಣಿತ ರಕ್ಕಸನೆಂದು ಘೋಷಿಸಲಾಗಿದೆ. ಬೇಟೆಗಾರರು ಖುದ್ದು ಹಾಜರಾಗುವವರೆಗೆ ಅಲ್ಲಿ ಯಥಾಸ್ಥಿತಿ ಕಾಯತಕ್ಕದ್ದು. ದಿನಾಲು ಅಂಗಡಿ ತೆರೆಯುವ ಮುನ್ನ ಮಾಲೀಕರು ಬಾಗಿಲಲ್ಲಿ ನಿಂತು, ಬೀದಿಗೆ ಕೇಳುವಂತೆ ಸದರಿ ಬೇಟೆಗಾರರ ಹೆಸರನ್ನು ಮೂರು ಸಲ ಕೂಗತಕ್ಕದ್ದು. ಕೂಗದಿದ್ದಲ್ಲಿ ಯಥಾಸ್ಥಿತಿ ರದ್ದಾಗಿ, ಅಧ್ಯಕ್ಷರು ಏಟು ಹೊಡೆಯುವರು.”

ಅವತ್ತೇ ಹುಡುಗರು ಪಾಜ್ ಆದ ರಕ್ಕಸರ ಎದುರು ಸಾಲಾಗಿ ಕುಳಿತರು. “ಈಗ ನೋಡಲೇ, ಮೊದಲಿನಂಗ ಆತು,” ಎಂದ ಒಬ್ಬ. “ಹೊಡ್ಯಾಕ ಆಗವಲ್ದು,” ಎಂದ ಇನ್ನೊಬ್ಬ, ಬಹಳ ಸಂತೋಷದಿಂದ. ಯಾರೂ ಮನೆಗೆ ಹೋಗಲಿಲ್ಲ. ಓದು ನಿಂತಿತು.

ಗುಲ್ಜಾರಬಿ ಪ್ರಕಟಣೆ ಓದಿ ಹೇಳಿದಳು. ಗುರುಶಿದ್ದಪ್ಪ ಮುರುಗೆಪ್ಪನವರ ಹತ್ತಿರ ಹೋದ.

“ಹೆಸರ ಬ್ಯಾಡ್ರಿ. ಏ ಇಲ್ಲಿ ನೋಡ ಅಂದ್ರ ನಡಿಯೂದಿಲ್ಲೇನ್ರಿ?”

“ದುರ್ಗದಬೈಲಿನ್ಯಾಗ ನಿಂತು ಏ ಇಲ್ಲಿ ನೋಡ ಅಂದ್ರ ಯಾರ್ಯಾರು ನೋಡ್ತಾರ ಗೊತ್ತೈತೇನು? ಹೆಸರ ಹಿಡಿರಿ. ಅವ್ರ ರಕ್ಕಸ ಉಳಿಬೇಕೋ ಬ್ಯಾಡೋ?”

“ಉಳಿಬೇಕು.”

“ಮತ್ತ?”

ಮರುದಿನ ಮುಂಜಾನೆ ಹೂವಿನವರು ಬುಟ್ಟಿ ಇಳಿಸುತ್ತಿದ್ದರು. ಗುರುಶಿದ್ದಪ್ಪ ಶಟರಿನ ಮುಂದೆ ಚಪ್ಪಲಿ ಬಿಟ್ಟು ನಿಂತ. ಗಂಟಲು ಸರಿಮಾಡಿಕೊಂಡ.

“ಚನ್ನಬಸವ್ವಾ,” ಎಂದ.

ಮೊದಲ ಸಲ ಅವನಿಗೇ ಕೇಳಲಿಲ್ಲ. ಎರಡನೆಯ ಸಲ ಹೂವಿನವರು ತಿರುಗಿದರು. ಮೂರನೆಯ ಸಲ ಬೀದಿಗೆಲ್ಲ ಕೇಳಿತು.

ಗುಲ್ಜಾರಬಿ ಬಳೆಯ ಗೊಂಚಲು ಕೈಯಲ್ಲಿ ಹಿಡಿದೇ ಹೊರಗೆ ಬಂದು, ಬೀದಿಯ ಈ ತುದಿ ನೋಡಿದಳು, ಆ ತುದಿ ನೋಡಿದಳು.

“ಇನ್ನೂ ಬಂದಿಲ್ರಿ, ಕಾಕಾ.”

“ಆತು,” ಎಂದು ಗುರುಶಿದ್ದಪ್ಪ ಶಟರ್ ಎತ್ತಿದ.