ನಾರ್ವೆದವರು ದಾರಿ ಕಾಯಾಕತ್ತಾರ!

ಭೂಗೋಳದ ಪಾಠಕ್ಕೆ ನಾಲ್ಕು ಬಣ್ಣದ ಚಿತ್ರ ಪುಕ್ಕಟೆ ಸಿಕ್ಕಾವೆಂಬ ಆಸೆಯಿಂದ ಯಲವಿಗಿಯ ನೀಲಪ್ಪ ಮಾಸ್ತರ ನಾರ್ವೆಯ ಹಡಗು ಕಂಪನಿಯೊಂದಕ್ಕೆ ಪತ್ರ ಬರೆದಿದ್ದ. ರಾತ್ರಿಶಾಲೆಯಲ್ಲಿ ಕಲಿತ ಇಂಗ್ಲಿಷು. ತಪ್ಪಿದ್ದೀತೆಂದು ಏಳು ಸಲ ತಿದ್ದಿದ್ದ. ಬೇಸಿಗೆ ಸೂಟಿಯ ಒಂದು ಮುಂಜಾನೆ ಚಿತ್ರದ ಪುಸ್ತಕ ಬಂತು. ಅಂಚೆಯ ಭರಮಪ್ಪ ಅದನ್ನು ಸ್ಟೇಷನ್ ಮಾಸ್ತರರಿಂದ ಓದಿಸಿಕೊಂಡೇ ತಂದಿದ್ದ.

"ಮಾಸ್ತರ, ನಾರ್ವೆದಾಗ ನಿಮ್ಮ ದಾರಿ ಕಾಯಾಕತ್ತಾರಂತ! ಹಡಗಿನ್ಯಾಗ ಕಡಲದಂಡಿಗುಂಟ ತಿರುಗಿಸಿ, ರೈಲಿನ್ಯಾಗ ಹಿಮದ ಗುಡ್ಡ ಹತ್ತಸ್ತಾರಂತ. ಇವತ್ತ ಹೊಂಡ್ರಿ!"

"ಅದು ಜಾಹೀರಾತು, ಭರಮಪ್ಪ. ಎಲ್ಲಾರಿಗೂ ಹಂಗ ಬರೀತಾರ."

"ಮತ್ತ ನನಗ್ಯಾಕ ಬರದಿಲ್ಲ?"

ನೀಲಪ್ಪ ಬಿಡಿಸಿ ಹೇಳುವಷ್ಟರಲ್ಲಿ ಸುದ್ದಿ ಓಣಿಗೆಲ್ಲ ಹಬ್ಬಿತು. ಹೇಳಿದ್ದರೂ ಕೇಳುವವರಿರಲಿಲ್ಲ. ಟಾಂಗಾದ ಖಾದರಸಾಬ ಹಿಮಕ್ಕೆಂದು ಕಂಬಳಿ ಹೊತ್ತು ತಂದ. ಪಕ್ಕದ ಮನೆಯ ಹುಚ್ಚವ್ವ ಹಾದಿಯ ತಿಂಡಿಗೆಂದು ಸವಣೂರಿನ ಖಾರಾ, ಒಂದು ಕಟ್ಟು ವೀಳ್ಯದೆಲೆ ತಂದಳು.

"ಪಾಸ್‌ಪೋರ್ಟ್ ಬೇಕಾಗ್ತೈತ್ರೆಪಾ," ಎಂದ ನೀಲಪ್ಪ.

"ಹುಬ್ಬಳ್ಳ್ಯಾಗ ತಗೊಳ್ರಿ. ಅಲ್ಲೇನ ಸಿಗೂದಿಲ್ಲ?" ಎಂದ ಖಾದರಸಾಬ.

ಹೆಂಡತಿಯ ಮುಂದಾದರೂ ನಿಜ ಹೇಳೋಣವೆಂದು ಒಳಗೆ ಹೋದ. ಸರೋಜವ್ವ ಕಣ್ಣೊರೆಸಿಕೊಳ್ಳುತ್ತ, "ನನಗ ಹುಬ್ಬಳ್ಳೀನೂ ತೋರಿಸಲಿಲ್ಲ, ಇರಲಿ. ನಮ್ಮವ್ರನ್ನ ಹೊರದೇಶದಿಂದ ಕರದಾರಂತ ಓಣಿಗೆಲ್ಲಾ ಹೇಳಿ ಬಂದೇನ್ರಿ," ಎಂದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳ ಮುಖದಲ್ಲಿ ಇಂಥ ಅಭಿಮಾನ ಕಂಡಿದ್ದು ಇದೇ ಮೊದಲು. ಜನರೆದುರು ಅದನ್ನು ಒಡೆಯಲು ಅವನಿಗೆ ಧೈರ್ಯವಾಗಲಿಲ್ಲ. ರೈಲು ಹತ್ತಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಸಂಜೆ ಸುಮ್ಮನೆ ಮರಳಿ, ಅವಳೊಬ್ಬಳಿಗೇ ಎಲ್ಲ ಹೇಳಿ ಕ್ಷಮೆ ಕೇಳಿದರಾಯಿತು ಎಂದುಕೊಂಡ.

ಮಧ್ಯಾಹ್ನ ಅವನನ್ನು ಕಾರಹುಣ್ಣಿಮೆಯ ಎತ್ತಿನಂತೆ ಸಿಂಗರಿಸಿ ಟಾಂಗಾ ಹತ್ತಿಸಿದರು. ಸ್ಟೇಷನ್ನಿನಲ್ಲಿ ಹೆಂಡತಿ ಕಾಣಲಿಲ್ಲ.

"ಅಳು ಬರತೈತಂತ, ಬರಲಿಲ್ರಿ," ಎಂದು ಹುಚ್ಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮುಂದಿನ ಸ್ಟೇಷನ್ ಗುಡಗೇರಿಯಲ್ಲಿ ನೀಲಪ್ಪ ರೈಲಿನ ಹಿಂದಿನ ಬಾಗಿಲಿನಿಂದ ಕಳ್ಳನಂತೆ ಇಳಿದ. ಕಂಬಳಿಯ ಮುಸುಕು ಹಾಕಿ, ಬೆವರು ಸುರಿಸುತ್ತ, ಕ್ಷಮೆಯ ಮಾತು ಬಾಯಿಪಾಠ ಮಾಡುತ್ತ ಹಳಿಗುಂಟ ಊರಿನತ್ತ ನಡೆದ. ದನ ಮನೆಗೆ ಬರುವ ಹೊತ್ತಿಗೆ ಹಿತ್ತಲಿನಿಂದ ಬಂದು ನೋಡಿದರೆ ಬಾಗಿಲಿಗೆ ಕೀಲಿ!

"ಅಯ್ಯ ಮಾಸ್ತರ!" ಹುಚ್ಚವ್ವ ಚೀರಿದಳು. "ನೀವು ಇಲ್ಲೇ ಅದೀರಿ? ಸರೋಜವ್ವ ಎಲ್ಲಿ?"

"ಮನ್ಯಾಗಿಲ್ಲೇನು?"

"ಮನ್ಯಾಗ ಯಾಕಿರ್ತಾಳ್ರಿ! ಕರದವರ ಮನಿಗೆ ಒಬ್ಬರನ್ನ ಕಳಸಾಕ ಬರ್ತೈತೇನು? ಓಣ್ಯಾವ್ರೆಲ್ಲಾ ಕೂಡಿ ಆಕೀನ ನಿಮ್ಮ ಗಾಡೀದ ಹೆಂಗಸರ ಡಬ್ಬ್ಯಾಗ ಕುಂದ್ರಿಸೇವಿ. ನೋಡಿದ್ರ ಮಾಸ್ತರ ಹೊಳ್ಳಿ ಕಳಸ್ತಾರ, ಹಡಗ ಹತ್ತೂತನಕ ಮಾರಿ ತೋರಿಸಬ್ಯಾಡ ಅಂತ ತಾಕೀತ ಮಾಡೇವಿ."

ನೀಲಪ್ಪ ಕಂಬಳಿಯನ್ನು ಕಟ್ಟೆಯ ಮೇಲೆ ಒಗೆದ. ಒಂದೇ ಆಸೆ ಉಳಿದಿತ್ತು. "ಆಕಿಗೆ ದಾರಿ ಗೊತ್ತಿಲ್ಲ, ಹುಚ್ಚವ್ವ. ಹುಬ್ಬಳ್ಳಿಯಿಂದ ತಾನ ತಿರುಗಿ ಬರ್ತಾಳ, ಹೌದಿಲ್ಲ?"

"ಯಾಕ ಗೊತ್ತಿಲ್ಲ?" ಹುಚ್ಚವ್ವ ಧೈರ್ಯ ಹೇಳಿದಳು. "ನಿಮ್ಮ ಪುಸ್ತಕ ಆಕೀ ಕೈಯಾಗ ಕೊಟ್ಟೇವಲ್ರಿ! ಹಡಗಿನ ಚಿತ್ರ ತೋರಿಸಿದ್ರ ಯಾರಾದ್ರೂ ಹಾದಿ ಹೇಳ್ತಾರ."