ಸ್ಟೇಷನ್ನಿನಲ್ಲಿ ಓಟಿಪಿ ಬೇಡಿದ್ದು

ಮನೆಗೆ ಬಂದವರಿಗೆ ನೀರು ಕೊಡುವಾಗ ನಾವು ಯಾರನ್ನೂ ‘ನಿಮ್ಮ ಫೋನ್ ನಂಬರ್ ಹೇಳಿ, ಅದಕ್ಕೊಂದು ಓಟಿಪಿ ಬರುತ್ತದೆ, ಅದನ್ನು ಒಪ್ಪಿಸಿ ಆಮೇಲೆ ಚೊಂಬು ಮುಟ್ಟಿ’ ಎನ್ನುವುದಿಲ್ಲ. ಅರ್ಧ ಕುಡಿದಾಗ ಚೊಂಬು ಕಸಿದುಕೊಳ್ಳುವುದೂ ಇಲ್ಲ. ಆದೋನಿ ಸ್ಟೇಷನ್ನಿನಲ್ಲಿ ಆ ದಿನ ಸಿಕ್ಕ ಬಿಟ್ಟಿ ವೈಫೈ ಎರಡನ್ನೂ ಮಾಡಿತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವನಿಗೆ ವೈಫೈ ಮೇಲೆ ಸಿಟ್ಟಾಗುವ ಯೋಗ್ಯತೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಟ್ಟಂತೂ ಬಂದಿದೆ, ಇನ್ನೂ ಇಳಿದಿಲ್ಲ.

ನನ್ನ ತಂಗಿ ಗಿರಿಜಾ ಹೈದರಾಬಾದಿನ ಒಂದು ಲ್ಯಾಬಿನಲ್ಲಿ ರಿಪೋರ್ಟ್ ತಯಾರಿಸುವ ಕೆಲಸದಲ್ಲಿದ್ದಾಳೆ. ಆಸ್ಪರಿಯಲ್ಲಿರುವ ನಮ್ಮ ಸೋದರತ್ತೆಯ ಮನೆಗೆ, ಅಲ್ಲಿನ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಬಂದಿದ್ದಳು. ಹಿಂದೊಮ್ಮೆ ನನ್ನ ಮಗಳಿಗೆ ಕಿವಿ ಚುಚ್ಚಿಸಿದಾಗ ಬಂದು ಕೆಲಸ ತಡವಾಗಿ, ಆಫೀಸಿನವರಿಂದ ಬೈಸಿಕೊಂಡಿದ್ದಳು. ಈ ಸಲ ಸಂಜೆಯೊಳಗೆ ರಿಪೋರ್ಟ್ ಬರದಿದ್ದರೆ ನೀನೂ ಬರಬೇಡ ಎಂದಿದ್ದರಂತೆ. ಕಳಿಸುವುದೇನೂ ಕಷ್ಟವಲ್ಲ, ಆಕೆಯ ಫೋನಿನಿಂದ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಟ್ಟರೆ ಮುಗಿಯಿತು. ಆದರೆ ಆ ಫೋನು ಆಸ್ಪರಿಯಲ್ಲಿ ಅತ್ತೆಯ ಮಂಚದ ಮೇಲೇ ಉಳಿದಿತ್ತು. ಅದರಲ್ಲಿ ಟಗರಿನ ಕಾಳಗ ನೋಡುತ್ತ ಬಿದ್ದುಕೊಂಡಿದ್ದವನು, ಬಸ್ಸು ಬಂತೆಂದು ಎದ್ದು ಓಡಿದವನು ನಾನೇ. ಆಕೆಯನ್ನು ಹೈದರಾಬಾದಿನ ರೈಲು ಹತ್ತಿಸಲು ಆದೋನಿಗೆ ಬಂದಮೇಲೆ ನೆನಪಾಯಿತು, ಹೋಗಿ ತರಲು ಹೊತ್ತಿಲ್ಲ. ನನ್ನದೋ ಗುಂಡಿ ಒತ್ತುವ ಫೋನು, ಮಾತು ಬಿಟ್ಟರೆ ಮೆಸೇಜು.

ಆ ಮೆಸೇಜಿಗೇ ಓಟಿಪಿ ಬಂತು, ವೈಫೈ ಸಿಕ್ಕಿತು. ಆದರೂ ಗಿರಿಜಾ ರಿಪೋರ್ಟ್ ಕಳಿಸಲಿಲ್ಲ. “ತಡಿ ಅಣ್ಣ. ಇದು ಊರಮಂದಿ ವೈಫೈ, ಯಾರು ಬೇಕಾದ್ರೂ ಇಣುಕತಾರ. ವಿಪಿಎನ್ ಹಾಕ್ಕೊಂಡ ಆಫೀಸಿನ ಒಳಗ ಹೋಗಬೇಕು. ಮುಸುಕು ಹಾಕ್ಕೊಂಡು ಬಜಾರದಾಗ ಹೋದಂಗ. ನಾವು ಯಾರು, ಏನು ಒಯ್ಯಾಕತ್ತೀವಿ, ಯಾರಿಗೂ ತಿಳಿಯಂಗಿಲ್ಲ” ಎಂದಳು. ಮುಸುಕು ಹಾಕಲು ಅಷ್ಟು ಹೊತ್ತು ಬೇಕೆ? ಲ್ಯಾಪ್‌ಟಾಪಿನ ಪರದೆ ಮೇಲೆ ಉಂಗುರವೊಂದು ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ಕೊನೆಗೂ ಒಳಗೆ ಹೋಗಿ ರಿಪೋರ್ಟ್ ಅರ್ಧ ಹತ್ತುವಷ್ಟರಲ್ಲಿ ನನ್ನ ನಂಬರಿನ ಪಾಲು ತೀರಿತೆಂದು ವೈಫೈ ಬಾಗಿಲು ಹಾಕಿತು. ಗಿರಿಜಾಳ ಕಣ್ಣು ತುಂಬಿತು. “ಬ್ಯಾರೆ ನಂಬರ್ ಬೇಕಣ್ಣ.”

ಪ್ಲಾಟ್‌ಫಾರ್ಮಿನ ತುಂಬ ನಂಬರುಗಳೇ ಕೂತಿದ್ದವಲ್ಲ! ಹತ್ತಿ ವ್ಯಾಪಾರದ ಒಬ್ಬ ಯಜಮಾನರ ಮುಂದೆ ಹೋಗಿ ಕೈಮುಗಿದೆ. “ಯಜಮಾನ್ರ, ನಿಮ್ಮ ನಂಬರ್ ಹೇಳ್ರಿ. ಒಂದು ಓಟಿಪಿ ಬರತೈತಿ, ಅದನ್ನ ನನಗ ಹೇಳಿಬಿಡ್ರಿ.”

ಅವರು ಜೇಬಿನ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತರು. “ಇಷ್ಟ ದಿನ ಫೋನಿನಾಗ ಕೇಳತಿದ್ರು, ಈಗ ಎದುರಿಗೇ ಬಂದು ನಿಂತ ಕೇಳತಾರಲೇ!”

ನಾನು ಕಳ್ಳನೇ? ಕಳ್ಳ ಕೈಮುಗಿದು ಕೇಳುತ್ತಾನೆಯೇ? ಇದನ್ನು ಯಾರಿಗೂ ಹೇಳುವಷ್ಟು ಅವಕಾಶ ಸಿಗಲಿಲ್ಲ. ಜನ ಕೂಡಿದರು, ಪೊಲೀಸನೂ ಬಂದ. “ಏಮಯ್ಯಾ, ಓಟಿಪಿಲು ಅಡುಗುತುನ್ನಾವಾ?” ಎಂದು, ಓಟಿಪಿ ಕೇಳುತ್ತಿದ್ದೀಯಾ ಅಂತ ತೆಲುಗಿನಲ್ಲಿ ಜಬರಿಸಿದವನು, ಲ್ಯಾಪ್‌ಟಾಪ್ ಹಿಡಿದು ಕೂತ ಗಿರಿಜಾಳ ಕಡೆ ಲಾಠಿ ತೋರಿಸಿ, “ಆಕಿ ಯಾರು? ನಿನ್ನ ಜೋಡಿನಾ?” ಎಂದು ಗದರಿದ.

“ಎವರೋ ನಾಕು ತೆಲೀದು ಸಾರ್” ಎಂದುಬಿಟ್ಟೆ. ಯಾರೋ ನನಗೆ ಗೊತ್ತಿಲ್ಲ, ಅಂತ. ಅದನ್ನು ತೆಲುಗಿನಲ್ಲಿ ಹೇಳಿದೆ. ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ.

ಗಿರಿಜಾಗೆ ಕೇಳಿಸಿತು. ಲ್ಯಾಪ್‌ಟಾಪು ಎದೆಗೊತ್ತಿಕೊಂಡು ನೇರ ಬಂದು ನನ್ನ ಪಕ್ಕ ನಿಂತಳು. “ಇವ ನಮ್ಮಣ್ಣ ರೀ ಸಾರ್. ಕಳ್ಳ ಅಲ್ಲ. ಕಳುವು ಮಾಡೋ ಅಷ್ಟು ಬುದ್ಧಿ ಇದ್ದಿದ್ರ ನನ್ನ ಫೋನ್ ಮರತು ಬರತಿದ್ನಾ?”

ಪೊಲೀಸನೇ ಮೊದಲು ನಕ್ಕ. ಕೋಸಗಿಗೆ ಹೋಗಲು ಗಂಟು ಕಟ್ಟಿಕೊಂಡು ಕೂತಿದ್ದ ಹೆಂಗಸೊಬ್ಬಳು ತನ್ನ ಫೋನನ್ನೇ ಚಾಚಿದಳು. “ತಗೋ ತಂಗಿ, ನನ್ನ ನಂಬರ್ ಹಾಕು. ನನ್ನ ಬ್ಯಾಂಕಿನಾಗ ಕಳುವು ಮಾಡಾಕ ಏನೈತಿ?” ರೈಲು ಬರುವ ಮುಂಚೆ ರಿಪೋರ್ಟ್ ಹೋಯಿತು. ಗಿರಿಜಾಳ ಕೆಲಸ ಉಳಿಯಿತು.

ಆದರೂ ನನ್ನ ಸಿಟ್ಟು ಸಿಟ್ಟೇ. ತಂಗಿಯನ್ನು ಆಕೆಯ ಆಫೀಸಿನೊಳಗೆ ಬಿಡಲು ಇಷ್ಟು ಸತಾಯಿಸುವುದೇ? ಮುಸುಕು ಹಾಕಲು ಅಷ್ಟು ಹೊತ್ತೇ? ನಾನಾದರೆ ಅದೇ ಪ್ಲಾಟ್‌ಫಾರ್ಮಿನಲ್ಲಿ ಒಂದೇ ಮಾತಿಗೆ ಆಕೆಯ ಗುರುತೆಲ್ಲ ಮುಚ್ಚಿಬಿಟ್ಟಿದ್ದೆ.

ಫೋನನ್ನು ಮರುದಿನವೇ ಕಳಿಸಿಕೊಟ್ಟೆ. ಈಗ ನಾನು ಕರೆ ಮಾಡಿದಾಗಲೆಲ್ಲ ಗಿರಿಜಾ ತೆಲುಗಿನಲ್ಲಿ “ಎವರಂಡಿ?” ಎನ್ನುತ್ತಾಳೆ, ಯಾರ್ರೀ ಅಂತ.

“ನಾನವ್ವಾ, ನಿಮ್ಮಣ್ಣ.”

“ಹೌದಾ? ಒಂದು ಓಟಿಪಿ ಕಳಿಸೀನಿ. ಹೇಳು, ಆಮ್ಯಾಲ ನಂಬತೀನಿ.”